ಕೊನೆಯ ಸ್ಟ್ಯಾಂಡಿನ ರಬ್ಬರ್

ನನ್ನ ಗೆಳೆಯ ಹೋದ ತಿಂಗಳು ಒಂದು ಬುಧವಾರ ಬೆಳಗ್ಗೆ, ಸಂಜೆಯ ಕಾರ್ಯಕ್ರಮಕ್ಕೆ ಹಾಕಿಕೊಳ್ಳಬೇಕಿದ್ದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ ತೀರಿಕೊಂಡ. ಅವನ ಹೆಂಡತಿ, ನಮ್ಮ ಅತ್ತಿಗೆ, ಸ್ನಾನ ಮುಗಿಸಿ ಬಂದಾಗ ಅವನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದನಂತೆ. ಎದೆ ಹಿಡಿದುಕೊಂಡಿರಬೇಕು. ಆದರೂ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅದನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಕೂತಿದ್ದ. ಅಂಗಿಯ ಎಡತೋಳು ಮಾತ್ರ ಬಾಕಿ ಇತ್ತು. ಬಂದವರಿಗೆಲ್ಲ ಅತ್ತಿಗೆ ಇದನ್ನು ಹೇಳಿದರು. ಅವನನ್ನು ಬಲ್ಲವರು ಯಾರೂ ಆಶ್ಚರ್ಯಪಡಲಿಲ್ಲ.

ಅವನ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ನಮ್ಮ ವಾದ್ಯವೃಂದದ ಆಫೀಸಿನವರು ಕೇಳಿದರು. ಬರೆದುಕೊಟ್ಟೆ. ಹುಟ್ಟಿದ ವರ್ಷ, ಸೇರಿದ ವರ್ಷ, ತೀರಿಕೊಂಡ ದಿನ, ನುಡಿಸುತ್ತಿದ್ದ ವಾದ್ಯ. ಓದಿ ನೋಡಿದರೆ ಯಾರದ್ದೂ ಆಗಬಹುದಾಗಿತ್ತು. ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಅವನನ್ನು ಎಲ್ಲರೂ ರಬ್ಬರ್ ಎಂದೇ ಕರೆಯುತ್ತಿದ್ದರು. ಹೊಸಬರು ಇವನಿಗೆ ಮೈ ಬಾಗಿಸುವ ವಿದ್ಯೆ ಏನೋ ಬರುತ್ತದೆ ಎಂದುಕೊಳ್ಳುತ್ತಿದ್ದರು. ಅವನಿಗೆ ಬಗ್ಗಿ ಬೂಟಿನ ದಾರ ಕಟ್ಟುವುದೇ ಕಷ್ಟವಾಗಿತ್ತು. ಹೆಸರು ಬಂದದ್ದು ಮೂವತ್ತೊಂದು ವರ್ಷದ ಹಿಂದೆ, ಒಂದು ಬೇಸಿಗೆಯ ಸಂಗೀತೋತ್ಸವದಲ್ಲಿ. ನಾವಿಬ್ಬರೂ ಮೊದಲು ಮುಖ ನೋಡಿಕೊಂಡದ್ದು ಅಲ್ಲಿಯೇ.

ನಮ್ಮ ವಾದ್ಯವೃಂದದ ಆ ಉತ್ಸವ ಐದು ವಾರ ನಡೆಯುತ್ತಿತ್ತು. ರಜೆಗೆ ಖಾಲಿಯಾದ ಒಂದು ಶಾಲೆಯನ್ನು ಅದಕ್ಕೆ ಬಿಟ್ಟುಕೊಡುತ್ತಿದ್ದರು. ಸಭಾಂಗಣದಲ್ಲಿ ತಾಲೀಮು, ಶುಕ್ರವಾರ ಕಾರ್ಯಕ್ರಮ, ಸೋಮವಾರ ರಜೆ. ನಮ್ಮಂಥ ಕಲಿಯುವವರು ಮಲಗುವುದು ತರಗತಿಗಳಲ್ಲಿ, ಬೆಂಚುಗಳನ್ನು ಗೋಡೆಗೆ ಒತ್ತಿ ಹಾಕಿದ ಮಡಚುವ ಮಂಚಗಳ ಮೇಲೆ. ನಮ್ಮ ಕೋಣೆಯ ಕರಿಹಲಗೆಯ ಮೇಲೆ ಏಳರ ಮಗ್ಗಿ ಇತ್ತು. ಯಾವ ಮಗುವೋ ಏಳೊಂಬತ್ತಲ ಅರವತ್ತನಾಲ್ಕು ಎಂದು ಬರೆದು ನಿಶ್ಚಿಂತೆಯಿಂದ ರಜೆಗೆ ಹೋಗಿತ್ತು. ಇವನು ಒಳಗೆ ಬಂದು, ಪೆಟ್ಟಿಗೆ ಕೆಳಗಿಟ್ಟು, ಮೊದಲು ಆ ನಾಲ್ಕನ್ನು ಒರೆಸಿ ಮೂರು ಮಾಡಿದ. ಆಮೇಲೆ ನನ್ನನ್ನು ನೋಡಿ, "ನೀವೂ ವಯೋಲಾನಾ?" ಎಂದ.

ವಯೋಲಾ ಎಂದರೆ ಪಿಟೀಲಿಗಿಂತ ನಾಲ್ಕು ಬೆರಳು ದೊಡ್ಡದು, ದನಿ ಸ್ವಲ್ಪ ಗಡಸು. ದೂರದಿಂದ ನೋಡಿದವರು ಪಿಟೀಲು ಎನ್ನುತ್ತಾರೆ, ಹತ್ತಿರದಿಂದ ನೋಡಿದವರೂ ಪಿಟೀಲು ಎನ್ನುತ್ತಾರೆ. ಆ ವರ್ಷ ನಮ್ಮ ವಿಭಾಗದ ಹಿರಿಯರೊಬ್ಬರು ನಿವೃತ್ತರಾಗುವವರಿದ್ದರು. ಖಾಲಿಯಾಗುವ ಕುರ್ಚಿ ಒಂದು. ಅದಕ್ಕಾಗಿ ಬಂದವರು ಇಬ್ಬರು, ಅವನು ಮತ್ತು ನಾನು. ಐದು ವಾರ ನೋಡಿ ಕೊನೆಯ ದಿನ ಒಬ್ಬರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಅಲ್ಲಿಯತನಕ ಇಬ್ಬರನ್ನೂ ಏಳನೆಯ ಸ್ಟ್ಯಾಂಡಿನ ಮುಂದೆ ಕೂರಿಸಿದರು. ಪುಸ್ತಕ ಇಟ್ಟುಕೊಳ್ಳುವ ಒಂದು ಸ್ಟ್ಯಾಂಡಿಗೆ ಇಬ್ಬರು, ಇಬ್ಬರಿಗೂ ಸೇರಿ ಒಂದೇ ಸ್ವರಪುಸ್ತಕ. ಏಳನೆಯದೇ ಕೊನೆಯದು. ನಮ್ಮ ಬೆನ್ನಿಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು, ಅದರಾಚೆ ಬಾಗಿಲು.

ನನಗೆ ಕುರ್ಚಿ ಸಿಗದಿದ್ದರೆ ಬೇರೆ ದಾರಿ ಇತ್ತು. ಮಕ್ಕಳಿಗೆ ಪಾಠ ಹೇಳಿಕೊಡಲು ಒಂದು ಶಾಲೆಯವರು ಕರೆದಿದ್ದರು. ಅವನಿಗೆ ಇರಲಿಲ್ಲ. ಅವನ ಅಪ್ಪ ಲಾಂಡ್ರಿ ಇಟ್ಟಿದ್ದರು. ಬೇರೆ ಅಂಗಡಿಯವರು ಕೈಬಿಟ್ಟ ಕಲೆಗಳನ್ನು ತೆಗೆಯುವುದರಲ್ಲಿ, ಅದರಲ್ಲೂ ಶಾಯಿ ಕಲೆ ತೆಗೆಯುವುದರಲ್ಲಿ ಅವರು ಹೆಸರುವಾಸಿ. ಮಗ ಮಾತು ಕಲಿಯುವ ಮೊದಲು ಕಲೆ ತೆಗೆಯುವುದನ್ನು ಕಲಿತಿದ್ದ ಎಂದು ಅವರೇ ಹೇಳುತ್ತಿದ್ದರು. ಆ ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಒಂದು ಚೀಟಿ ಚುಚ್ಚಿರುತ್ತಿತ್ತು. ಚೀಟಿಯಲ್ಲಿ ಬರೆದದ್ದನ್ನು ಮಾಡಬೇಕು, ಬರೆಯದ್ದನ್ನು ಮಾಡಬಾರದು. ಅಷ್ಟೇ ಅಲ್ಲಿಯ ಕಾನೂನು.

ಹೊರಡುವ ದಿನ ಅಪ್ಪ ಹೇಳಿದ್ದನ್ನು ಅವನು ನನಗೆ ಹಾಗೇ ಒಪ್ಪಿಸಿದ್ದ. "ಬೇಸಿಗೆ ಮುಗಿಯೋವರೆಗೆ ಎಷ್ಟು ಬೇಕೋ ಅಷ್ಟು ಕುಯ್ಕೊ. ಕುರ್ಚಿ ಸಿಗದೆ ವಾಪಸ್ ಬಂದ್ರೆ ಇಸ್ತ್ರಿ ಮೇಜಿದೆ. ಅದಕ್ಕೆ ಕುರ್ಚಿ ಬೇಕಾಗಲ್ಲ, ನಿಂತ್ಕೊಂಡೇ ಮಾಡೋದು."

"ನೀನೇನಂದೆ?" ಎಂದು ಕೇಳಿದೆ.

"ಏನನ್ಲಿ? ನಿಂತ್ಕೊಂಡೇ ಕೇಳಿಸ್ಕೊಂಡೆ."

ನಮ್ಮ ಹಣೆಬರಹ ಇದ್ದದ್ದು ಮೊದಲ ಸ್ಟ್ಯಾಂಡಿನ ಮುಖ್ಯ ವಾದಕಿಯ ಕೈಯಲ್ಲಿ. ಆಕೆಗೆ ಐವತ್ತರ ಮೇಲಾಗಿತ್ತು. ಪೆನ್ಸಿಲನ್ನು ಯಾವಾಗಲೂ ತುರುಬಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಹೊಗಳುವುದಾದರೆ "ಆಯ್ತು" ಎನ್ನುತ್ತಿದ್ದರು, ಬೈಯುವುದಾದರೆ ಏನೂ ಅನ್ನದೆ ನೋಡುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ಅವರಿಗೆ ಕೇಳಿಸದಂತೆ.

ಹೊಸ ಕೃತಿ ಬಂದಾಗಲೆಲ್ಲ ದೊಡ್ಡಮ್ಮ ಮಾಡುವ ಕೆಲಸ ಒಂದಿತ್ತು. ಯಾವ ಸ್ವರಕ್ಕೆ ಕಮಾನು ಮೇಲೆ ಹೋಗಬೇಕು, ಯಾವುದಕ್ಕೆ ಕೆಳಗೆ ಬರಬೇಕು ಎಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು. ಮೇಲೆ ಹೋಗುವುದಕ್ಕೆ ಹಕ್ಕಿಯ ಕೊಕ್ಕಿನಂಥ ಗುರುತು, ಕೆಳಗೆ ಬರುವುದಕ್ಕೆ ಬಾಗಿಲ ಚೌಕಟ್ಟಿನಂಥದ್ದು. ಅದನ್ನು ನೋಡಿ ಉಳಿದ ಆರು ಪುಸ್ತಕಗಳಲ್ಲೂ ಹಾಗೆಯೇ ಹಾಕಬೇಕು. ಹದಿನಾಲ್ಕು ಕಮಾನುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು ಹೀಗೆ. ಯಾವತ್ತೂ ಪೆನ್ಸಿಲಿನಲ್ಲೇ. ಸ್ವರಪುಸ್ತಕದ ಮೇಲೆ ಶಾಯಿ ತಗಲಿಸುವುದು ನಮ್ಮ ಕಸುಬಿನಲ್ಲಿ ಮಹಾಪರಾಧ, ಏಕೆಂದರೆ ಪುಸ್ತಕಗಳು ಬಾಡಿಗೆಯವು. ಕಾರ್ಯಕ್ರಮ ಮುಗಿದ ಮೇಲೆ ಗುರುತುಗಳನ್ನೆಲ್ಲ ಅಳಿಸಿ ವಾಪಸು ಕಳಿಸಬೇಕು.

ಆ ಅಳಿಸುವ ಕೆಲಸ ಕಲಿಯುವವರದ್ದು, ಸರದಿಯ ಮೇಲೆ. ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು ಕೊಳಲು ನುಡಿಸಿ ನಿವೃತ್ತರಾದ ಒಬ್ಬ ಮುದುಕರು. ಅವರನ್ನು ಹಾಳೆ ಮಾಮ ಎಂದು ಕರೆಯುತ್ತಿದ್ದೆವು. ಶಾಲೆಯ ವಿಜ್ಞಾನದ ಕೋಣೆಯೇ ಅವರ ಭಂಡಾರ. ಗಾಜಿನ ಬೀರುವಿನಲ್ಲಿ ಮೂಳೆಗೂಡು, ಅದರ ಪಕ್ಕದ ಕಪಾಟಿನಲ್ಲಿ ಸಂಗೀತ.

ಎರಡನೆಯ ವಾರದ ಸೋಮವಾರ ಇವನ ಸರದಿ. ಹಾಳೆ ಮಾಮ ಹೋದ ಶುಕ್ರವಾರದ ಪುಸ್ತಕಗಳನ್ನು ಕೊಟ್ಟು, ಮಧ್ಯಾಹ್ನಕ್ಕೆ ಬರುತ್ತೇನೆ ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋದರು. ಬೇರೆಯವರಿಗೆ ಆ ಕಟ್ಟು ಇಡೀ ದಿನದ ಕೆಲಸ. ಇವನು ಒಂದೂವರೆ ಗಂಟೆಯಲ್ಲಿ ಮುಗಿಸಿದ. ಆಮೇಲೆ ಸುಮ್ಮನೆ ಕೂರಬಹುದಿತ್ತು. ಪಕ್ಕದ ಮೇಜಿನ ಮೇಲೆ ವಯೋಲಾದ ಇನ್ನೂ ಏಳು ಪುಸ್ತಕ ಇದ್ದವು. ತೆರೆದು ನೋಡಿದ. ಪ್ರತಿ ಪುಟದ ತುಂಬ ಗುರುತು. ಮೊದಲ ಪುಟಕ್ಕೆ ಬಾಡಿಗೆಯವರ ಅಚ್ಚಾದ ಚೀಟಿ ಅಂಟಿಸಿತ್ತು: "ಎಲ್ಲ ಗುರುತುಗಳನ್ನು ಅಳಿಸಿ ಹಿಂತಿರುಗಿಸತಕ್ಕದ್ದು."

ಚೀಟಿ ಹೇಳಿತು, ಇವನು ಮಾಡಿದ.

ಅವು ಆ ವಾರ ನುಡಿಸಬೇಕಿದ್ದ ಕೃತಿಯ ಪುಸ್ತಕಗಳು. ಆ ಚೀಟಿ ಬಾಡಿಗೆಯ ಎಲ್ಲ ಪುಸ್ತಕಗಳಿಗೂ ಅಂಟಿಸಿರುತ್ತದೆ. ದೊಡ್ಡಮ್ಮ ನಾಲ್ಕು ದಿನ ಕೂತು ಗುರುತು ಹಾಕಿದ್ದರು, ಎರಡು ತಾಲೀಮು ಆಗಿತ್ತು, ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ, ಕೋಲು ಬೀಸಿ ಇಡೀ ವೃಂದವನ್ನು ನಡೆಸುವ ನಿರ್ದೇಶಕರ ಮುಂದೆ ಪೂರ್ತಿ ತಾಲೀಮು.

ಬೇರೆ ಯಾರಾದರೂ ಅಳಿಸಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಪೆನ್ಸಿಲು ಒತ್ತಿದ ಜಾಡು ಕಾಗದದ ಮೇಲೆ ಉಳಿದಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಓದಬಹುದು. ಇವನು ಲಾಂಡ್ರಿಯವರ ಮಗ. ಮೊದಲು ರಬ್ಬರ್, ಆಮೇಲೆ ಬ್ರೆಡ್ಡಿನ ಮೆತ್ತನೆಯ ಒಳಭಾಗವನ್ನು ಉಂಡೆ ಮಾಡಿ ಉಜ್ಜಿದ. ಕೊನೆಗೆ ತನ್ನ ಅಂಗಿಗೆಂದು ತಂದಿದ್ದ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಒದ್ದೆ ಕರವಸ್ತ್ರದ ಮೇಲಿಂದ ಒಂದೊಂದೇ ಪುಟಕ್ಕೆ ಇಸ್ತ್ರಿ ಹಾಕಿದ. ಊಟದ ಹೊತ್ತಿಗೆ ನಾನು ಹೋದಾಗ ಏಳು ಪುಸ್ತಕ ಅಚ್ಚುಮನೆಯಿಂದ ಆಗತಾನೆ ಬಂದಂತೆ ಸಾಲಾಗಿದ್ದವು.

"ನೋಡು," ಎಂದ. ಮುಖದಲ್ಲಿ ಸಮಾಧಾನ ಇತ್ತು. "ಯಾರಾದ್ರೂ ಉಪಯೋಗಿಸಿದಾರೆ ಅಂತ ಅನ್ಸುತ್ತಾ?"

ನಾನು ಮೊದಲ ಪುಸ್ತಕದ ಹೆಸರು ಓದಿದೆ. ಇನ್ನೊಂದು ಸಲ ಓದಿದೆ.

"ಇದು ಈ ಶುಕ್ರವಾರದ್ದು ಕಣೋ."

ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅದನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಕೂತ.

ಆಗ ಹಾಳೆ ಮಾಮ ಬಂದರು, ಒಂದು ಕೆನ್ನೆ ಊದಿಸಿಕೊಂಡು. ಪುಟ ತಿರುವಿ ನೋಡಿದರು. ಕನ್ನಡಕ ಬದಲಾಯಿಸಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದು ಊದಿದ ಬಾಯಲ್ಲೇ ಹೇಳಿದರು. "ಇಷ್ಟು ಚೆನ್ನಾಗಿ ಅಳಿಸಿದೋರನ್ನ ನೋಡಿಲ್ಲ. ಇದು ಹೊಗಳಿಕೆ ಅಲ್ಲಪ್ಪ."

ದೊಡ್ಡಮ್ಮ ಮಗಳ ಮನೆಗೆ ಹೋಗಿದ್ದರು, ಬರುವುದು ಬೆಳಗ್ಗೆಯೇ. ಹಾಳೆ ಮಾಮ ಸೀದಾ ಹೇಳಿದರು: "ನಾಳೆ ಒಂಬತ್ತಕ್ಕೆ ಅವರು ಪುಸ್ತಕ ತೆಗೀತಾರೆ. ಒಂಬತ್ತೂ ಐದಕ್ಕೆ ನೀನು ಬಸ್ ಸ್ಟ್ಯಾಂಡಲ್ಲಿರ್ತೀಯ."

ಅವನು ಬಹಳ ಹೊತ್ತು ಮೂಳೆಗೂಡಿನ ಕಡೆ ನೋಡುತ್ತಾ ಕೂತಿದ್ದ. ಆಮೇಲೆ, "ನಂಗೆ ನೆನಪಿದೆ," ಎಂದ.

"ಏನು?"

"ಎಲ್ಲ. ನಾವು ಕೂರೋ ಕಡೆಯಿಂದ ನಿರ್ದೇಶಕರು ಕಾಣಲ್ಲ. ಕಾಣೋದು ಹನ್ನೆರಡು ಕಮಾನು. ಎರಡು ತಾಲೀಮು ಅದನ್ನೇ ನೋಡಿದೀನಿ."

ನಾನು ನಂಬಲಿಲ್ಲ. ಅವನು ಗೋಡೆಗೆ ತೂಗುಹಾಕಿದ್ದ ಮರದ ಅಳತೆಕೋಲನ್ನು ಕಮಾನಿನಂತೆ ಹಿಡಿದು, ಕಣ್ಣು ಮುಚ್ಚಿ, ಗುನುಗಲು ಶುರು ಮಾಡಿದ. ಕೋಲು ಏರಿತು, ಇಳಿಯಿತು. ನಾನು ಮೊದಲ ಪುಸ್ತಕ ಎದುರಿಗಿಟ್ಟುಕೊಂಡು ಪೆನ್ಸಿಲಿನಲ್ಲಿ ಕೊಕ್ಕು, ಚೌಕಟ್ಟು, ಕೊಕ್ಕು, ಚೌಕಟ್ಟು ಎಂದು ಬರೆಯುತ್ತಾ ಹೋದೆ. ನನಗೆ ಖಾತ್ರಿಯಿದ್ದ ಜಾಗಗಳಲ್ಲೆಲ್ಲ ತಾಳೆಯಾಯಿತು. ಅರ್ಧ ಗಂಟೆಯ ಮೇಲೆ ತಾಳೆ ನೋಡುವುದನ್ನು ಬಿಟ್ಟೆ. ಹಾಳೆ ಮಾಮ ಪೆನ್ಸಿಲು ಚೂಪು ಮಾಡಿ ಕೊಡುತ್ತಾ ಕೂತರು.

ನಡುವೆ ಅವನು ಕಣ್ಣು ಬಿಟ್ಟು, "ನೀನ್ಯಾಕೆ ಬರೀತಿದೀಯ? ನಾನು ಹೋದ್ರೆ ಕುರ್ಚಿ ನಿಂದೇ," ಎಂದ.

ಅದು ನನಗೂ ಆಗಲೇ ಹೊಳೆದಿತ್ತು. "ನಿನ್ನ ಗುರುತು ಸೊಟ್ಟ," ಎಂದೆ. "ನೀನು ಗುನುಗು."

ನಿಧಾನಗತಿಯ ಮೂರನೆಯ ಭಾಗಕ್ಕೆ ಬಂದಾಗ ಕೋಲು ನಿಂತಿತು. ಅಲ್ಲಿ ವಯೋಲಾಗಳಿಗೆ ಹದಿನಾರು ಎಣಿಕೆಯ ಒಂದೇ ಸ್ವರ. ಉಸಿರಿನಷ್ಟು ಸಣ್ಣದಾಗಿ ಶುರುವಾಗಿ ಬೆಳೆಯುತ್ತಾ ಹೋಗಬೇಕು.

"ಇಲ್ಲಿ ದೊಡ್ಡಮ್ಮ ಕೆಳಗೆ ಬರ್ತಾರೆ," ಎಂದ.

"ಸರಿ." ಚೌಕಟ್ಟು ಬರೆದೆ.

"ಸರಿಯಲ್ಲ. ಕಮಾನು ಕೆಳಗೆ ಬರ್ತಾ ಬರ್ತಾ ಕೈಯ ಭಾರ ಕಮ್ಮಿ ಆಗುತ್ತೆ. ಸ್ವರ ಬೆಳೀಬೇಕಾದ ಹೊತ್ತಿಗೆ ತುದಿಗೆ ಬಂದು ಸೋತು ಹೋಗುತ್ತೆ. ಮೇಲೆ ಹೋದ್ರೆ ತಾನಾಗೇ ಬೆಳೆಯುತ್ತೆ."

"ನಿನ್ನನ್ನ ಯಾರೂ ಕೇಳಿಲ್ಲ."

"ಹೂಂ," ಎಂದ. ಆ ಹೂಂ ಎಂಬುದಕ್ಕೆ ಒಪ್ಪಿಗೆ ಎಂಬ ಅರ್ಥ ಇಲ್ಲ ಎಂದು ನಾನು ಕಲಿತದ್ದು ಮರುದಿನ.

ಮೊದಲ ಪುಸ್ತಕ ಮುಗಿದ ಮೇಲೆ ಅದನ್ನು ನೋಡಿ ಅವನು ಮೂರು, ನಾನು ಮೂರು ಪುಸ್ತಕ ನಕಲು ಮಾಡಿದೆವು. ಹೊತ್ತು ಮುಳುಗುವಷ್ಟರಲ್ಲಿ ಕೆಲಸ ಮುಗಿಯಿತು. ಒಂದು ಸಲ ಸರಿನೋಡಿ ಬರುತ್ತೇನೆ ಎಂದು ಅವನು ಹಿಂದೆ ಉಳಿದ. ನಾನು ಊಟಕ್ಕೆ ಹೋದೆ.

ಬೆಳಗ್ಗೆ ದೊಡ್ಡಮ್ಮ ಪುಸ್ತಕ ತೆರೆದರು. ಪುಟ ಮುಟ್ಟಿ ನೋಡಿದರು. ಮೂಗಿನ ಹತ್ತಿರ ತಂದರು. ಇಸ್ತ್ರಿಯ ವಾಸನೆ ಬಂದಿರಬೇಕು. ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಏನೂ ಅನ್ನದೆ ವಾದ್ಯ ಎತ್ತಿಕೊಂಡರು. ಮೊದಲ ಭಾಗ ಆಯಿತು, ಎರಡನೆಯದೂ ಆಯಿತು. ಹದಿನಾಲ್ಕು ಕಮಾನುಗಳು ಒಂದೇ ಕೈಯವು ಎನ್ನುವ ಹಾಗೆ ಏರಿಳಿದವು. ನಾನು ಬೆವರು ಒರೆಸಿಕೊಂಡೆ. ಮೂರನೆಯ ಭಾಗದಲ್ಲಿ ಆ ಉದ್ದನೆಯ ಸ್ವರ ಬಂತು.

ಮೊದಲ ಸ್ಟ್ಯಾಂಡಿನ ಎರಡು ಕಮಾನುಗಳು ಕೆಳಗೆ ಬಂದವು. ಹಿಂದಿನ ಹನ್ನೆರಡು ಮೇಲಕ್ಕೆ ಹೋದವು. ನಮ್ಮ ಪುಸ್ತಕದಲ್ಲಿ ಕೊಕ್ಕು ಇತ್ತು, ನಾನೂ ಮೇಲಕ್ಕೇ ಹೋದೆ.

ನಿರ್ದೇಶಕರು ಕೋಲು ಕೆಳಗಿಟ್ಟರು. "ವಯೋಲಾದವರು ಯಾಕೆ ಎರಡು ಪಕ್ಷ ಆಗಿದೀರಿ? ಚುನಾವಣೆ ಇದೆಯಾ?"

ಯಾರೋ ಕಹಳೆಯವರು ನಕ್ಕರು. ದೊಡ್ಡಮ್ಮ ಹಿಂದಕ್ಕೆ ತಿರುಗಿದರು. "ಇದನ್ನ ಬರೆದಿದ್ದು ಯಾರು?"

ಅವನು ಎದ್ದು ನಿಂತ, ವಯೋಲಾವನ್ನು ಕಂಕುಳಲ್ಲಿ ಇಟ್ಟುಕೊಂಡು. "ನಾನು ಮೇಡಂ. ನೀವು ಬರೆದಿದ್ದನ್ನ ಅಳಿಸಿಬಿಟ್ಟೆ. ಅಳಿಸಿ ಅಂತ ಚೀಟೀಲಿ ಬರೆದಿತ್ತು."

"ಎಲ್ಲಾನೂ ಅಳಿಸಿದ್ಯಾ?"

"ಇಸ್ತ್ರಿನೂ ಹಾಕಿದೆ."

ಎಪ್ಪತ್ತು ಜನ ಒಟ್ಟಿಗೆ ನಕ್ಕರು. ದೊಡ್ಡಮ್ಮ ನಗಲಿಲ್ಲ. ನಗು ನಿಲ್ಲುವತನಕ ಕಾದರು.

"ಮತ್ತೆ ಬರೆದಿದ್ದು?"

"ನೆನಪಿಂದ. ಮೊದಲನೇ ಪುಸ್ತಕ ಬರೆದಿದ್ದು ಇವನು," ಎಂದು ನನ್ನನ್ನು ತೋರಿಸಿದ. "ಅದರಲ್ಲಿ ತಪ್ಪಿಲ್ಲ. ನೀವು ಹಾಕಿದ್ದ ಹಾಗೇ ಇದೆ. ಮಿಕ್ಕ ಆರರಲ್ಲಿ ಇದೊಂದನ್ನ ನಾನು ತಿದ್ದಿದೆ. ಇವನಿಗೆ ಗೊತ್ತಿಲ್ಲ."

ಕುರ್ಚಿಯನ್ನು ಎತ್ತಿ ನನ್ನ ಮನೆಗೆ ಹೊತ್ತು ತಂದು ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಕೊಡುವುದು ಸಾಧ್ಯವಿರಲಿಲ್ಲ.

"ಯಾಕೆ ತಿದ್ದಿದೆ?"

"ಅಲ್ಲಿ ಸ್ವರ ಬೆಳೀಬೇಕು. ಕೆಳಗೆ ಬಂದ್ರೆ ಸೋಲುತ್ತೆ." ಸ್ವಲ್ಪ ತಡೆದು, "ಮೇಡಂ," ಎಂದು ಸೇರಿಸಿದ.

ಯಾರೂ ನಗಲಿಲ್ಲ. ಕಿಟಕಿಯ ಹೊರಗೆ ಯಾರೋ ಕೊಳವೆಯಿಂದ ಅಂಗಳ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಿರ್ದೇಶಕರು, "ಎರಡೂ ನೋಡಿಬಿಡೋಣ," ಎಂದರು. ಮೊದಲು ಎಲ್ಲರೂ ಕೆಳಗೆ ಬಂದೆವು. ಆಮೇಲೆ ಎಲ್ಲರೂ ಮೇಲೆ ಹೋದೆವು. ಸಂಗೀತ ಗೊತ್ತಿಲ್ಲದವರಿಗೆ ಇದನ್ನು ಹೇಗೆ ಹೇಳಲಿ? ಮೊದಲನೆಯ ಸಲ ಸ್ವರ ಚೆನ್ನಾಗಿತ್ತು. ಎರಡನೆಯ ಸಲ, ಅಂಗಳ ತೊಳೆಯುತ್ತಿದ್ದವರು ನೀರು ನಿಲ್ಲಿಸಿದರು.

ದೊಡ್ಡಮ್ಮ ತುರುಬಿನಿಂದ ಪೆನ್ಸಿಲು ತೆಗೆದರು. ಮುಂದಿನಿಂದಲೇ ಕೈ ಚಾಚಿ, "ರಬ್ಬರ್," ಎಂದರು.

ಅದು ಅವನ ಜೇಬಿನಲ್ಲಿತ್ತು. ಕೈಯಿಂದ ಕೈಗೆ, ಏಳನೆಯ ಸ್ಟ್ಯಾಂಡಿನಿಂದ ಮೊದಲನೆಯದಕ್ಕೆ ಹೋಯಿತು. ಅವರು ಚೌಕಟ್ಟನ್ನು ಅಳಿಸಿ ಕೊಕ್ಕು ಬರೆದರು. ರಬ್ಬರ್ ಬಂದ ದಾರಿಯಲ್ಲೇ ವಾಪಸು ಬಂತು, ಹಿಂದೆಯೇ ಅವರ ಮಾತೂ ಬಂತು: "ಇನ್ಮೇಲೆ ಕೇಳಿ ಅಳಿಸು. ಕೂತ್ಕೋ."

ಕೂತ. ಆ ದಿನದ ಊಟದ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಅವನ ಹೆಸರು ರಬ್ಬರ್ ಆಗಿತ್ತು.

ಐದನೆಯ ವಾರದ ಕೊನೆಗೆ ಶಾಲೆಯ ನೋಟಿಸ್ ಬೋರ್ಡಿಗೆ ಒಂದು ಕಾಗದ ಅಂಟಿಸಿದರು. ಒಂದೇ ಹೆಸರಿತ್ತು. ನನ್ನದಲ್ಲ. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬರೆದ ಪುಸ್ತಕದಲ್ಲಿ ಒಂದೂ ತಪ್ಪಿರಲಿಲ್ಲ," ಎಂದರು. ನಾನು ಥ್ಯಾಂಕ್ಸ್ ಹೇಳಿದೆ. "ಅದೇ ತೊಂದರೆ," ಎಂದರು. ಅದು ನನಗೆ ಅರ್ಥವಾಗಲು ಸುಮಾರು ವರ್ಷ ಬೇಕಾಯಿತು. ಅರ್ಥವಾದ ಮೇಲೂ ಒಪ್ಪಿಗೆಯಾಗಿಲ್ಲ.

ಅವನು ಶಾಲೆಯ ಆಫೀಸಿನಿಂದ ಲಾಂಡ್ರಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲಿದ್ದೆ. ಅಪ್ಪನ ದನಿ ಎಷ್ಟು ದೊಡ್ಡದೆಂದರೆ ಫೋನ್ ಬೇಕಿರಲಿಲ್ಲ.

"ಸಿಕ್ತಪ್ಪ."

"ಏನು?"

"ಕುರ್ಚಿ."

"ಎಷ್ಟನೇದು?"

"ಕೊನೇದು."

"ಪರವಾಗಿಲ್ಲ ಬಿಡು. ಬಾಗಿಲಿಗೆ ಹತ್ತಿರ."

ನಾನು ಮೂರು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಇನ್ನೊಂದು ಕುರ್ಚಿ ಖಾಲಿಯಾದಾಗ ಮತ್ತೆ ಪರೀಕ್ಷೆ ಕೊಟ್ಟು ಸೇರಿದೆ, ಅವನ ಪಕ್ಕಕ್ಕೇ. ಮುಂದಿನ ಸ್ಟ್ಯಾಂಡಿಗೆ ಬಾ ಎಂದು ಅವನನ್ನು ನಾಲ್ಕು ಸಲ ಕರೆದರು. ಇಲ್ಲಿಂದ ಎಲ್ಲರ ಕಮಾನೂ ಕಾಣುತ್ತದೆ ಎಂದು ನಾಲ್ಕು ಸಲವೂ ಅಲ್ಲೇ ಉಳಿದ. ದೊಡ್ಡಮ್ಮ ನಿವೃತ್ತರಾಗುವತನಕ, ಕಷ್ಟದ ಜಾಗ ಬಂದಾಗ ಗುರುತು ಹಾಕುವ ಮೊದಲು ಹಿಂದಕ್ಕೆ ತಿರುಗಿ ಅವನ ಮುಖ ನೋಡುತ್ತಿದ್ದರು. ಅವನು ಹುಬ್ಬು ಮೇಲಕ್ಕೆ ಎತ್ತುತ್ತಿದ್ದ, ಇಲ್ಲವೇ ಇಳಿಸುತ್ತಿದ್ದ.

ಒಂದು ಸ್ಟ್ಯಾಂಡಿನ ಇಬ್ಬರಲ್ಲಿ ಒಳಗಡೆ ಕೂತವನು ಪುಟ ತಿರುಗಿಸಬೇಕು, ಆ ಕ್ಷಣ ಅವನು ನುಡಿಸುವಂತಿಲ್ಲ. ಇನ್ನೊಬ್ಬ ನಿಲ್ಲಿಸದೆ ನುಡಿಸಬೇಕು. ಒಳಗಡೆಯವನು ಅವನು. ಇಪ್ಪತ್ತೆಂಟು ವರ್ಷ ನಾನು ಪುಟ ತಿರುಗಿಸಲಿಲ್ಲ. ಅವನು ತೀರಿಕೊಂಡ ವಾರದ ಕಾರ್ಯಕ್ರಮದಲ್ಲಿ ಅವನ ಕುರ್ಚಿಯನ್ನು ಖಾಲಿ ಬಿಟ್ಟಿದ್ದರು, ಗೌರವಕ್ಕಾಗಿ. ಗೌರವ ಪುಟ ತಿರುಗಿಸುವುದಿಲ್ಲ. ಪ್ರತಿ ಪುಟದ ಕೊನೆಗೆ ಎಂಟೆಂಟು ಎಣಿಕೆ ನುಡಿಸದೆ ಬಿಟ್ಟುಹೋಯಿತು. ಯಾರಿಗೂ ಗೊತ್ತಾಗಲಿಲ್ಲ.

ಈ ಬೇಸಿಗೆಯ ಉತ್ಸವದಲ್ಲಿ ಅದೇ ಕೃತಿ ಮತ್ತೆ ಬರುತ್ತಿದೆ. ಈ ಸಲ ಬಾಡಿಗೆ ಬೇಡ ಎಂದು ಪುಸ್ತಕಗಳನ್ನು ಕೊಂಡಿದ್ದಾರೆ. ಗುರುತು ಹಾಕುವ ಕೆಲಸವನ್ನು ನನಗೆ ಕೊಟ್ಟರು. ನನ್ನ ಗುರುತು ನೆಟ್ಟಗಿರುತ್ತದೆ ಎಂಬುದು ಈಗಲೂ ಪ್ರಸಿದ್ಧ. ಏಳು ಪುಸ್ತಕಗಳನ್ನು ಮನೆಗೆ ತಂದು ಎರಡು ದಿನ ಕೂತು ಬರೆದೆ. ಎಲ್ಲ ಪೆನ್ಸಿಲಿನಲ್ಲಿ. ಮೂರನೆಯ ಭಾಗದ ಆ ಉದ್ದನೆಯ ಸ್ವರದ ಮೇಲಿನ ಕೊಕ್ಕನ್ನು ಮಾತ್ರ, ಏಳು ಪುಸ್ತಕಗಳಲ್ಲೂ, ಶಾಯಿಯಲ್ಲಿ ಬರೆದೆ.

ನಿನ್ನೆ ವಾಪಸು ಕೊಟ್ಟಾಗ, ಈಗ ಪುಸ್ತಕಗಳನ್ನು ನೋಡಿಕೊಳ್ಳುವ ಹುಡುಗಿ ಪುಟ ತಿರುವುತ್ತಾ ಅಲ್ಲಿಗೆ ಬಂದು ನಿಂತಳು.

"ಸರ್, ಇದು ಪೆನ್ನು."

"ಹೌದಮ್ಮ."

"ಅಯ್ಯೋ, ಇದನ್ನ ಹೇಗೆ ಅಳಿಸೋದು?"

"ಅದು ಗೊತ್ತಿದ್ದೋನು ಒಬ್ಬನಿದ್ದ," ಎಂದೆ.

ಅವಳು ನನ್ನ ಮುಖ ನೋಡಿದಳು. ಏಳು ಪುಸ್ತಕಗಳನ್ನೂ ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಕಪಾಟಿನಲ್ಲಿಟ್ಟಳು.